ಎರಡನೇ ಪ್ರತಿ ಯಾರದು?

2025ರ ಮೇ 7ರಿಂದ 10ರವರೆಗೆ, ಆ ನಾಲ್ಕು ದಿನ, ನಮ್ಮ ಗೊರೇಬಾಳದ ವಾಟ್ಸಾಪ್ ಗ್ರೂಪುಗಳಿಗೆ ಬಂದ ಚಿತ್ರಗಳನ್ನೆಲ್ಲ ಡಿಲೀಟ್ ಮಾಡದೆ ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡಿದ್ದೇನೆ. ವೃತ್ತಿಯ ಚಟ ಅನ್ರಿ, ಡೇಟಾ ಕಂಡ್ರ ಬಿಸಾಕಾಕ ಮನಸ್ಸು ಬರಲ್ಲ. ಒಂದೇ ಕ್ಷಿಪಣಿಯ ಚಿತ್ರ ನನ್ನ ಒಬ್ಬನ ಫೋನಿಗೆ ಹದಿನಾಲ್ಕು ಸಲ ಬಂದಿದೆ. ಚಿತ್ರ ಅದೇ, ಕೆಳಗಿನ ಪಟ್ಟಿ ಮಾತ್ರ ಬೇರೆ. ಒಂದರಲ್ಲಿ ಗೊಬ್ಬರದ ಅಂಗಡಿ ಹೆಸರು, ಇನ್ನೊಂದರಲ್ಲಿ ಯುವಕ ಸಂಘದ್ದು, ಮತ್ತೊಂದರಲ್ಲಿ ಕೈಮುಗಿದು ನಿಂತ ಒಬ್ಬ ಭಾವಿ ಅಭ್ಯರ್ಥಿ. ಯಾರು ಸರಿ ಯಾರು ತಪ್ಪು ಅನ್ನೋದು ಈ ಅಂಕಣದ ವಿಷಯ ಅಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ಹದಿನಾಲ್ಕು ಮಂದಿ ಆ ಚಿತ್ರವನ್ನು ತಮ್ಮದು ಮಾಡಿಕೊಂಡಿದ್ದರು. ಮೂಲ ಯಾರದು ಅಂತ ಒಬ್ಬರೂ ಕೇಳಿರಲಿಲ್ಲ. ಯುದ್ಧದ ಪರ ಇರುವ ಚಿತ್ರಕ್ಕೆ ಈ ಭಾಗ್ಯ ಎಷ್ಟು ಸಲೀಸಾಗಿ ಸಿಗ್ತದ ನೋಡ್ರಿ.

ಯುದ್ಧದ ವಿರುದ್ಧ ಇರುವ ಚಿತ್ರಕ್ಕೆ? ಅದನ್ನೇ ಈ ಸಲ ಬರೀಬೇಕು ಅಂದುಕೊಂಡಿದ್ದೇನೆ. ಯಾಕಂದ್ರೆ ಕಲೆಯ ಜಗತ್ತಿನಲ್ಲಿ ಈ ಕೆಲಸಕ್ಕೆ ಅಂತಲೇ ಒಂದು ಹಳೆಯ ಸಾಧನ ಇದೆ, ಅಚ್ಚುಚಿತ್ರ. ಇಂಗ್ಲಿಷಿನವರು ಪ್ರಿಂಟ್‌ಮೇಕಿಂಗ್ ಅನ್ನುವುದು. ಮರದ ಹಲಗೆ ಅಥವಾ ಲಿನೋಲಿಯಂ ತುಂಡಿನ ಮೇಲೆ ಉಳಿಯಿಂದ ಕೊರೆಯೋದು, ರೋಲರಿನಿಂದ ಮಸಿ ಸವರೋದು, ಮೇಲೆ ಕಾಗದ ಹಾಕಿ ಚಮಚದ ಬೆನ್ನಿಂದ ಉಜ್ಜೋದು. ಕೊರೆದದ್ದು ಬಿಳಿ ಉಳೀತದೆ, ಬಿಟ್ಟದ್ದು ಕಪ್ಪಾಗ್ತದೆ. ಎಡ ಬಲ ಅದಲುಬದಲಾಗಿ ಬರ್ತದೆ. ಮೆಷಿನ್ ಬೇಡ, ಕರೆಂಟ್ ಬೇಡ. ಒಂದು ಹಲಗೆಯಿಂದ ನೂರು ತೆಗೀಬಹುದು. ನೂರರಲ್ಲಿ ಯಾವುದೂ ಅಸಲಿ ಅಲ್ಲ, ಯಾವುದೂ ನಕಲಿ ಅಲ್ಲ.

ಬೆಂಗಳೂರಿನಲ್ಲಿ ಶಾಂತಿಗಾಗಿ ಎಂಬ ಹೆಸರಿನಲ್ಲಿ ನಡೆದ ಒಂದು ವಾರಾಂತ್ಯದ ಅಚ್ಚು ಕಾರ್ಯಾಗಾರಕ್ಕೆ ಹೋಗಿದ್ದೆ. ಯಾರದು ಏನು ಅನ್ನೋದು ಬೇಡ. 1,800 ರೂಪಾಯಿ ಫೀಜು, ಚಹಾ ಬಿಸ್ಕತ್ತು ಸೇರಿ. ಹಲಗೆ ಮೊದಲೇ ಕೊರೆದಿಟ್ಟಿದ್ದರು, ಪಾರಿವಾಳದ್ದು. ನಾವು ಸಾಲಾಗಿ ಹೋಗಿ ರೋಲರ್ ಎಳೆಯೋದು, ಪ್ರೆಸ್ಸಿನ ಚಕ್ರ ತಿರುಗಿಸೋದು, ಫೋಟೋ ಹೊಡಿಸಿಕೊಳ್ಳೋದು. ಆಮೇಲೆ ಕಲಾವಿದರು ಬಂದು ಪ್ರತಿಯೊಂದರ ಕೆಳಗೂ ಪೆನ್ಸಿಲಿನಲ್ಲಿ 1/20, 2/20 ಅಂತ ಸಂಖ್ಯೆ ಹಾಕಿ ಸಹಿ ಮಾಡಿದರು. ಇಪ್ಪತ್ತು ಮುಗಿದ ಮೇಲೆ ಹಲಗೆಗೆ ಅಡ್ಡ ಗೀರು ಎಳೆದರು, ಇಪ್ಪತ್ತೊಂದನೆಯದು ಯಾರೂ ತೆಗೆಯಬಾರದು ಅಂತ. ಅದು ಈ ಕಸುಬಿನ ವಾಡಿಕೆ, ಮಾರುಕಟ್ಟೆ ಕೇಳುತ್ತದೆ, ಅರ್ಥವಾಗ್ತದೆ. ಆದರೆ ಕರಪತ್ರದಲ್ಲಿ ‘ಜನರ ಪಾಲ್ಗೊಳ್ಳುವಿಕೆ’ ಅಂತ ಇತ್ತಲ್ಲ? ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಓಪನ್ ಸೋರ್ಸ್ ಅಂತ ಬೋರ್ಡು ಹಾಕಿ ಕೋಡಿಗೆ ಬೀಗ ಹಾಕಿದ ಹಾಗೆ. ನೀವು ರನ್ ಮಾಡಬಹುದು, ಫೋರ್ಕ್ ಮಾಡುವ ಹಾಗಿಲ್ಲ.

ಇದನ್ನು ಅಲ್ಲಿ ನಿಂತು ನೋಡುವಾಗ ನನಗೆ ಮಸ್ಕಿ ನೆನಪಾಯಿತು. ಎಲ್ಲಿಂದ ಎಲ್ಲಿಗೆ ಅನ್ನಬೇಡಿ.

ನಮ್ಮ ಕಡೆಯವರಿಗೆ ಮಸ್ಕಿಯ ದುರ್ಗದ ಗುಡ್ಡ ಗೊತ್ತು. ಅಲ್ಲಿನ ಬಂಡೆಯ ಮೇಲಿನ ಬ್ರಾಹ್ಮಿ ಬರಹವನ್ನು 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಗುರುತಿಸಿದ. (ಇಂಜಿನಿಯರ್ ಅನ್ನೋದನ್ನ ಒತ್ತಿ ಓದಿಕೊಳ್ಳಿ.) ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ‘ದೇವರಿಗೆ ಪ್ರಿಯನಾದವ’ ಎಂಬ ಬಿರುದು ಇತ್ತೇ ಹೊರತು ಹೆಸರು ಇರಲಿಲ್ಲ, ಅಶೋಕ ಅಂತ ಹೆಸರು ಹಿಡಿದು ಬರೆದದ್ದು ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ. ಅದೇ ವರ್ಷ ಹೈದರಾಬಾದಿನ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಪ್ರಕಟಿಸಿದರು.

ಶಾಸನ ಓದುವವರು ಬಂಡೆಯಿಂದ ಪಡಿಯಚ್ಚು ತೆಗೆಯುತ್ತಾರೆ. ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಕುಟ್ಟಿ ಕಾಗದವನ್ನು ಅಕ್ಷರದ ಗುಳಿಯೊಳಗೆ ಇಳಿಸುತ್ತಾರೆ. ಮೇಲಿಂದ ಮಸಿಯ ಉಂಡೆ ತಟ್ಟುತ್ತಾರೆ. ಉಬ್ಬಿದ ಕಲ್ಲು ಕಪ್ಪಾಗುತ್ತದೆ, ಕೊರೆದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಲಿನೋ ಅಚ್ಚಿನ ಲೆಕ್ಕವೇ. ಒಂದೇ ವ್ಯತ್ಯಾಸ, ಮಸಿ ಕಾಗದದ ಮೇಲ್ಮೈಗೆ ಬೀಳುವುದರಿಂದ ಅಕ್ಷರ ತಿರುಗುವುದಿಲ್ಲ, ನೇರವಾಗಿಯೇ ಓದಬಹುದು. ಹಾಗೆ ನೋಡಿದರೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯ ಅಚ್ಚಿನ ಹಲಗೆಯೊಂದು ನಮ್ಮೂರಿಂದ ಬೈಕಿನ ದಾರಿಯಲ್ಲಿದೆ. ಅದಕ್ಕೆ ಯಾರೂ ಅಡ್ಡ ಗೀರು ಎಳೆದಿಲ್ಲ.

ಪ್ರತಿಗಳ ವಿಷಯಕ್ಕೂ ಅಶೋಕ ದೊಡ್ಡ ಕೈ. ಮಸ್ಕಿಯಲ್ಲಿರುವುದೇ ಮಾತು ಕೊಪ್ಪಳದ ಗವಿಮಠದಲ್ಲಿ ಇದೆ, ಪಾಲ್ಕಿಗುಂಡಿನಲ್ಲಿ ಇದೆ, ಬಳ್ಳಾರಿ ಕಡೆ ನಿಟ್ಟೂರು ಉದೇಗೋಳದಲ್ಲಿ ಇದೆ, ಚಿತ್ರದುರ್ಗದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಇದೆ. ಕೆಲವಲ್ಲಿ ಸಾಲು ಹೆಚ್ಚು, ಕೆಲವಲ್ಲಿ ಕಡಿಮೆ. ಕೊರೆದ ಕೈಗಳು ಬೇರೆ ಬೇರೆ. ಬ್ರಹ್ಮಗಿರಿಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಹಾಕಿಕೊಂಡಿದ್ದಾನೆ; ‘ಲಿಪಿಕಾರ’ ಅನ್ನುವ ಪದವನ್ನು ಮಾತ್ರ ಗಾಂಧಾರದ ಕಡೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ದೊಡ್ಡವನ ಮಾತನ್ನು ನಕಲು ಮಾಡುವಾಗ ಒಬ್ಬ ಕೆಲಸಗಾರ ತನ್ನ ಗುರುತು ತೂರಿಸಿದ್ದು ನನಗೆ ಬಹಳ ಇಷ್ಟ. ಕೋಡಿನಲ್ಲಿ ಕಮೆಂಟ್ ಬರೆದಿಡುವ ನಮ್ಮಂಥವರ ಪೂರ್ವಜ ಅವನು.

ಆದರೆ ಶಾಲೆಯಲ್ಲಿ ನಮಗೆ ಹೇಳಿಕೊಟ್ಟ, ಯುದ್ಧ ಬಿಟ್ಟ ಅಶೋಕ ಮಸ್ಕಿಯ ಬಂಡೆಯಲ್ಲಿ ಇಲ್ಲ. ಅಲ್ಲಿ ಯುದ್ಧದ ಮಾತೇ ಇಲ್ಲ. ತಾನು ಬುದ್ಧನ ದಾರಿ ಹಿಡಿದದ್ದು, ಪ್ರಯತ್ನ ಪಟ್ಟರೆ ಸಣ್ಣವನಿಗೂ ಆ ಎತ್ತರ ದಕ್ಕುತ್ತದೆ ಅನ್ನುವುದು, ಇಷ್ಟೇ. ಕಳಿಂಗದ ಪಶ್ಚಾತ್ತಾಪ ಇರುವುದು ಹದಿಮೂರನೇ ಬಂಡೆಗಲ್ಲು ಶಾಸನದಲ್ಲಿ: ಒಂದೂವರೆ ಲಕ್ಷ ಜನ ಸೆರೆಹೋದರು, ಒಂದು ಲಕ್ಷ ಕೊಲೆಯಾದರು, ಅದರ ಎಷ್ಟೋ ಪಟ್ಟು ಸತ್ತರು ಅನ್ನುವ ಲೆಕ್ಕ ಅಲ್ಲಿದೆ. ಆ ಶಾಸನದ ಪ್ರತಿಗಳು ವಾಯವ್ಯದ ಗಡಿಯವರೆಗೆ ಹೋದವು. ಕಳಿಂಗದಲ್ಲೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಮಾತ್ರ ಅದನ್ನು ಕೊರೆಸಲಿಲ್ಲ. ಅಲ್ಲಿ ಅದರ ಜಾಗಕ್ಕೆ, ಅಧಿಕಾರಿಗಳು ಜನರನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವ ಬೇರೆ ಶಾಸನಗಳಿವೆ. ಅಂದರೆ ಯಾರ ಮನೆಯಲ್ಲಿ ಸತ್ತರೋ ಅವರ ಊರನ್ನು ಬಿಟ್ಟು ಬೇರೆ ಕಡೆ ಕ್ಷಮೆಯ ಪ್ರತಿ ಹಂಚಲಾಯಿತು. ಆಡಳಿತಕ್ಕೆ ಕಾರಣಗಳಿದ್ದಿರಬಹುದು. ಆದರೂ ಯುದ್ಧವಿರೋಧಿ ಬರಹ ಅಂತ ಅದನ್ನು ಹೊಗಳುವಾಗ ನನಗೆ ಈ ಖಾಲಿ ಜಾಗ ಕಾಣುತ್ತದೆ. ಎಷ್ಟು ಪ್ರತಿ ಅನ್ನೋದಕ್ಕಿಂತ ಯಾರ ಕೈಗೆ ಅನ್ನೋದು ಮುಖ್ಯವಾಗುವುದು ಇಲ್ಲೇ.

ಇನ್ನು ನಮ್ಮ ಕಲ್ಲುಗಳು. ಕೃಷ್ಣೆ ತುಂಗಭದ್ರೆಯ ನಡುವಿನ ಈ ದೋಆಬಿನಲ್ಲಿ ಯುದ್ಧಕ್ಕೆ ಎಂದೂ ಬರ ಇರಲಿಲ್ಲ. 1406ರಲ್ಲಿ ಮುದಗಲ್ಲಿನ ಅಕ್ಕಸಾಲಿಗನ ಮಗಳ ನೆಪದಲ್ಲಿ ವಿಜಯನಗರ ಬಹಮನಿಗಳು ಕಾದಿದರು ಅಂತ ಫೆರಿಷ್ತಾ ಬರೆಯುತ್ತಾನೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದ. ಇಷ್ಟೆಲ್ಲ ಕಾಳಗ ಕಂಡ ನಾಡಿನ ಕಲ್ಲು ಏನು ಹೇಳುತ್ತದೆ? ವೀರಗಲ್ಲು ನೋಡಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನ ಕೈಹಿಡಿದು ಮೇಲಕ್ಕೆ ಒಯ್ಯುವುದು, ತುದಿಯಲ್ಲಿ ಲಿಂಗದ ಮುಂದೆ ಕೂತ ವೀರ, ಸೂರ್ಯ ಚಂದ್ರ. ಶಿಲ್ಪವಾಗಿ ಚಂದ. ಆದರೆ ಅದು ಮೇಲಕ್ಕೆ ಓದಿಸಿಕೊಳ್ಳುವ ಕಲ್ಲು. ಸತ್ತವನು ಎದ್ದು ಹೋಗುತ್ತಾನೆ. ಅವನ ತಾಯಿ ಯಾವ ಪಟ್ಟಿಯಲ್ಲೂ ಇಲ್ಲ. ಹೆಂಡತಿ ಬರುವುದು ಸತಿಯಾದರೆ ಮಾತ್ರ, ಅದೂ ಮಾಸ್ತಿಗಲ್ಲಿನಲ್ಲಿ.

ಆ ತಾಯಿಯನ್ನು ಹಲಗೆಯ ಮೇಲೆ ತಂದವಳು ಜರ್ಮನಿಯ ಕೇಥೆ ಕೋಲ್ವಿಟ್ಸ್. ಅವಳ ಕಿರಿಮಗ ಪೀಟರ್ 1914ರಲ್ಲಿ ಹದಿನೆಂಟರ ಹುಡುಗ. ಸೈನ್ಯ ಸೇರಲು ಅಪ್ಪನ ಒಪ್ಪಿಗೆ ಬೇಕಿತ್ತು. ಅಪ್ಪ ಒಲ್ಲೆ ಅಂದ, ತಾಯಿಯೇ ಗಂಡನನ್ನು ಒಪ್ಪಿಸಿದಳು. ಅಕ್ಟೋಬರಿನಲ್ಲಿ ಹುಡುಗ ಬೆಲ್ಜಿಯಂನಲ್ಲಿ ಸತ್ತ. ಎಷ್ಟೋ ವರ್ಷ ಅವಳಿಗೆ ಅದನ್ನು ಚಿತ್ರಕ್ಕೆ ತರಲು ದಾರಿ ಸಿಗಲಿಲ್ಲ. 1920ರಲ್ಲಿ ಎರ್ನ್ಸ್ಟ್ ಬಾರ್ಲಾಖ್‌ನ ಮರದಚ್ಚು ಕಂಡು, ಇದೇ ನನ್ನ ಮಾಧ್ಯಮ ಅಂತ ಹಿಡಿದಳು. 1921-22ರಲ್ಲಿ ಏಳು ಮರದಚ್ಚುಗಳ ‘ಯುದ್ಧ’ ಮಾಲೆ ತಯಾರಾಯಿತು. ಏಳರಲ್ಲಿ ಒಂದರಲ್ಲೂ ಬಂದೂಕಿಲ್ಲ, ಶತ್ರುವಿಲ್ಲ. ‘ಬಲಿ’ಯಲ್ಲಿ ಬೆತ್ತಲೆ ತಾಯಿ ಕೂಸನ್ನು ಎರಡೂ ಕೈಯಲ್ಲಿ ಮುಂದೆ ನೀಡುತ್ತಿದ್ದಾಳೆ. ‘ಸ್ವಯಂಸೇವಕರು’ ಅನ್ನುವುದರಲ್ಲಿ ಸಾವು ಡೋಲು ಬಾರಿಸುತ್ತ ಮುಂದೆ ಹೋಗುತ್ತಿದೆ, ಹುಡುಗರು ಮೈಮರೆತು ಹಿಂದೆ. ಅವರ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ಸುಖ ಇದೆ. ‘ತಾಯಂದಿರು’ ಅನ್ನುವುದರಲ್ಲಿ ಹೆಂಗಸರೆಲ್ಲ ಒಂದೇ ಗಟ್ಟಿ ಗುಂಪಾಗಿ, ಬಂಡೆಯ ಹಾಗೆ ನಿಂತಿದ್ದಾರೆ, ಮಕ್ಕಳು ತೋಳುಗಳ ಸಂದಿಯಿಂದ ಇಣುಕುತ್ತಿವೆ. ವೀರಗಲ್ಲಿನ ಮೂರು ಪಟ್ಟಿ ಕಿತ್ತು ನೆಲಕ್ಕೆ ಇಳಿಸಿದರೆ ಹೀಗಿರುತ್ತದೆ. ಇಲ್ಲಿ ಯಾರೂ ಮೇಲಕ್ಕೆ ಹೋಗುವುದಿಲ್ಲ.

ಎಲ್ಲರಿಗೂ ಗೊತ್ತಿರುವುದು ಅವಳ 1924ರ ಪೋಸ್ಟರು, ‘ಇನ್ನೆಂದೂ ಯುದ್ಧ ಬೇಡ’. ಲೈಪ್‌ಜಿಗ್‌ನ ಯುವ ಸಮಾವೇಶಕ್ಕೆ ಕಲ್ಲಚ್ಚಿನಲ್ಲಿ ಮಾಡಿದ್ದು. ಬಾಯ್ತೆರೆದು, ಕೈ ಆಕಾಶಕ್ಕೆತ್ತಿದ ಯುವಕ. ಶಾಂತಿ ಮೆರವಣಿಗೆಗಳಲ್ಲಿ ಇವತ್ತಿಗೂ ಅದೇ ಹೋಗುತ್ತದೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಆ ಎತ್ತಿದ ಕೈ, ಆ ಆವೇಶ ಅವಳೇ ಕೊರೆದ ಸ್ವಯಂಸೇವಕ ಹುಡುಗರದ್ದೇ. ಅಕ್ಷರ ಅಳಿಸಿದರೆ ಸೈನ್ಯ ಭರ್ತಿಯ ಪೋಸ್ಟರ್ ಅಂತ ಹಚ್ಚಬಹುದು. ನನ್ನ ಫೋಲ್ಡರಿನಲ್ಲಿರುವ ಒಂದೆರಡು ಸ್ಟೇಟಸ್ಸಿಗೂ ಅದಕ್ಕೂ ಬಹಳ ದೂರ ಇಲ್ಲ. ‘ತಾಯಂದಿರು’ ಹಾಗೆ ಯಾರ ಕೈಗೂ ಒಗ್ಗುವುದಿಲ್ಲ. ಅದನ್ನು ತಿರುಗಿಸಿ ಯುದ್ಧಕ್ಕೆ ಬಳಸೋಕೆ ಆಗಲ್ಲ.

ಕೋಲ್ವಿಟ್ಸಳ ಮಾಲೆಯೂ 1923ರಲ್ಲಿ ಸೀಮಿತ ಪ್ರತಿಗಳಲ್ಲೇ ಹೊರಬಂತು, ಅದನ್ನು ಮುಚ್ಚಿಡಬಾರದು. ಮುಂದಿನ ಕಥೆಯೇ ಸ್ವಾರಸ್ಯ. 1931ರಲ್ಲಿ ಶಾಂಘೈನಲ್ಲಿ ರೌ ಶಿ ಎಂಬ ಯುವ ಲೇಖಕನನ್ನು ಸರ್ಕಾರ ಕೊಂದಿತು. ಅವನ ಬಗ್ಗೆ ಬರೆಯಲು ಅವಕಾಶ ಇಲ್ಲದಾಗ ಲು ಶುನ್ ಒಂದು ಪತ್ರಿಕೆಯಲ್ಲಿ ಕೋಲ್ವಿಟ್ಸಳ ‘ಬಲಿ’ಯನ್ನು ಅಚ್ಚು ಹಾಕಿಸಿದ. ಅದೇ ವರ್ಷ ಆಗಸ್ಟಿನಲ್ಲಿ ಆರು ದಿನದ ಮರದಚ್ಚಿನ ತರಗತಿ ನಡೆಸಿದ, ಹದಿಮೂರು ವಿದ್ಯಾರ್ಥಿಗಳಿಗೆ. ಕಲಿಸಿದವನು ಜಪಾನಿನ ಮೇಷ್ಟ್ರು, ಲು ಶುನ್ ಅನುವಾದಕ. ಕೆಲವೇ ವರ್ಷಗಳಲ್ಲಿ ಜಪಾನಿನ ದಾಳಿಯ ವಿರುದ್ಧ ಚೀನಾದ ಊರೂರಿನಲ್ಲಿ ಹಲಗೆ ಕೊರೆದ ಪೀಳಿಗೆಗೆ ಆ ತರಗತಿಯೇ ಮೊದಲ ಮೆಟ್ಟಿಲು. ಉಳಿ, ಹಲಗೆ, ಮಸಿ, ಇಷ್ಟು ಇದ್ದರೆ ಯುದ್ಧದ ನಡುವೆಯೂ ಕೆಲಸ ನಡೆಯುತ್ತದೆ ಅನ್ನೋದು ಅವರಿಗೆ ಅನುಕೂಲವಾಯಿತು. ಆ ಚೀನೀ ಅಚ್ಚುಗಳು 1940ರ ದಶಕದಲ್ಲಿ ಬಂಗಾಳದ ಕಮ್ಯುನಿಸ್ಟ್ ಕಲಾವಿದರ ಕಣ್ಣಿಗೆ ಬಿದ್ದವು. ಅವರಲ್ಲಿ ಚಿತ್ತಗಾಂಗಿನವರು ಇಬ್ಬರು: ಅಲ್ಲೇ ಓದಿದ ಚಿತ್ತಪ್ರಸಾದ್, ಅಲ್ಲೇ ಹುಟ್ಟಿದ ಸೋಮನಾಥ ಹೋರ್.

ಚಿತ್ತಪ್ರಸಾದ್ 1943ರ ಬರದಲ್ಲಿ ಮಿಡ್ನಾಪುರದ ಹಳ್ಳಿಗಳನ್ನು ನಡೆದು ನೋಡಿ ‘ಹಂಗ್ರಿ ಬೆಂಗಾಲ್’ ಪುಸ್ತಿಕೆ ಮಾಡಿದರು. ಅದು ಯುದ್ಧ ತಂದ ಬರ. ಬರ್ಮಾ ಬಿದ್ದು ಅಕ್ಕಿ ನಿಂತಿತು, ಜಪಾನಿಗೆ ಸಿಗಬಾರದು ಅಂತ ದೋಣಿಗಳನ್ನು ಕಿತ್ತುಕೊಂಡರು. ಬ್ರಿಟಿಷರು ಆ ಪುಸ್ತಿಕೆಯ 5,000 ಪ್ರತಿಗಳನ್ನು ಸುಟ್ಟರು. ಮನೆಯವರು ಜೋಪಾನ ಮಾಡಿದ ಒಂದು ಪ್ರತಿಯಿಂದ ನಾವು ಇವತ್ತು ಅದನ್ನು ನೋಡುತ್ತಿದ್ದೇವೆ. ಬ್ಯಾಕಪ್ ಅಂದ್ರೆ ಏನು ಅಂತ ಹೊಸಬರಿಗೆ ಹೇಳಿಕೊಡುವಾಗ ನಾನು ಈ ಕಥೆ ಹೇಳುವುದುಂಟು.

ಈ ಸರಪಳಿಯಲ್ಲಿ ಮುಖ್ಯವಾದದ್ದು ಏನು ಅಂದರೆ, ಯಾರೂ ಕೋಲ್ವಿಟ್ಸಳ ಅನುಮತಿಗೆ ಕಾಯಲಿಲ್ಲ. ಎರಡನೇ ಪ್ರತಿ ತೆಗೆದವನು ಅದನ್ನು ತನ್ನ ಸತ್ತ ಗೆಳೆಯನಿಗಾಗಿ ತೆಗೆದ. ಮೂರನೆಯವರು ಹಲಗೆಯನ್ನೇ ಬದಲಿಸಿದರು. ಪಾಲ್ಗೊಳ್ಳುವುದು ಅಂದರೆ ನನ್ನ ಮಟ್ಟಿಗೆ ಇದು. ರೋಲರ್ ಎಳೆಯುವ ಸರದಿ ಅಲ್ಲ.

1970ರ ಮೇನಲ್ಲಿ, ಅಮೆರಿಕ ಕಾಂಬೋಡಿಯಾಕ್ಕೆ ನುಗ್ಗಿ, ಕೆಂಟ್ ಸ್ಟೇಟ್‌ನಲ್ಲಿ ವಿದ್ಯಾರ್ಥಿಗಳಿಗೆ ಗುಂಡು ಬಿದ್ದ ಮೇಲೆ, ಬರ್ಕ್‌ಲಿಯ ವಿದ್ಯಾರ್ಥಿಗಳು ಸ್ಕ್ರೀನ್ ಪ್ರಿಂಟಿನಲ್ಲಿ ಪೋಸ್ಟರುಗಳನ್ನು ತೆಗೆದು ಹಂಚಿದರು. ಕಾಗದ ಯಾವುದು ಗೊತ್ತೇ? ಕಂಪ್ಯೂಟರ್ ಪ್ರಿಂಟರಿನ ರದ್ದಿ, ಅಂಚಿನಲ್ಲಿ ತೂತಿರುವುದು. ಒಂದು ಮಗ್ಗುಲು ಯಾರದ್ದೋ ಪ್ರೋಗ್ರಾಮಿನ ಔಟ್‌ಪುಟ್, ಇನ್ನೊಂದು ಮಗ್ಗುಲು ಯುದ್ಧ ನಿಲ್ಲಿಸಿ ಅನ್ನುವ ಕೂಗು. ಅವುಗಳ ಫೋಟೋ ನೋಡಿದಾಗೆಲ್ಲ ನನಗೆ ಹಿಂದಿನ ಮಗ್ಗುಲಿನ ಕೋಡ್ ಓದುವ ಆಸೆ. ಇನ್ನೂ ಗಟ್ಟಿಯಾದದ್ದು ಕಾಂಬ್ಯಾಟ್ ಪೇಪರ್. 2007ರಲ್ಲಿ ಇರಾಕಿನಿಂದ ಮರಳಿದ ಸೈನಿಕ ಡ್ರೂ ಕ್ಯಾಮರನ್, ಕಾಗದ ಮಾಡುವ ಡ್ರೂ ಮ್ಯಾಟೊಟ್ ಜೊತೆ ಸೇರಿ ವರ್ಮಾಂಟ್‌ನಲ್ಲಿ ಶುರು ಮಾಡಿದ್ದು. ಮಾಜಿ ಸೈನಿಕರು ತಾವು ಯುದ್ಧದಲ್ಲಿ ತೊಟ್ಟ ಸಮವಸ್ತ್ರವನ್ನೇ ಕತ್ತರಿಸಿ, ನೆನೆಸಿ, ಕುಟ್ಟಿ, ಅದೇ ಮುದ್ದೆಯಿಂದ ಕಾಗದ ಎತ್ತುತ್ತಾರೆ. ಅದರ ಮೇಲೆ ಅಚ್ಚು ಹಾಕುತ್ತಾರೆ. ಅಚ್ಚು ಚೆನ್ನಾಗಿ ಬರಲಿ ಬಿಡಲಿ, ಅಂಗಿ ಕತ್ತರಿಸುವ ಕೈ ಯಾರದು ಅನ್ನೋದರಲ್ಲೇ ಅದರ ತೂಕ ಇದೆ.

ಹಾಗಾದರೆ ಸೋಮನಾಥ ಹೋರರ ‘ಗಾಯಗಳು’ ಮಾಲೆಯನ್ನು ಎಲ್ಲಿ ಇಡೋದು? ಇಲ್ಲಿ ನನ್ನ ವಾದ ಸ್ವಲ್ಪ ತೊಡಕಿಗೆ ಬೀಳುತ್ತದೆ, ಬೀಳಲಿ. 1970ರ ದಶಕದಲ್ಲಿ ಶಾಂತಿನಿಕೇತನದಲ್ಲಿ ಅವರು ಮಾಡಿದ ಅಚ್ಚುಗಳು ಅವು. ಜೇಡಿ ಅಥವಾ ಮೇಣದ ಹಾಳೆಯನ್ನು ಚಾಕುವಿನಿಂದ ಇರಿದು, ಕಾಸಿದ ಸಲಾಕೆಯಿಂದ ಸುಟ್ಟು, ಅದರಿಂದ ಸಿಮೆಂಟಿನ ಅಚ್ಚು ಎತ್ತಿ, ಅದರೊಳಗೆ ಕಾಗದದ ಮುದ್ದೆ ಒತ್ತಿದ್ದು. ಮಸಿಯೇ ಇಲ್ಲ. ಬಿಳಿಯ ಮೇಲೆ ಬಿಳಿ. ಮೊದಲ ನೋಟಕ್ಕೆ ಖಾಲಿ ಹಾಳೆ, ಬೆಳಕು ಓರೆಯಾದಾಗ ಚರ್ಮ ಹರಿದ ಹಾಗೆ ಕಾಣುತ್ತದೆ. ಬರ, ವಿಯೆಟ್ನಾಂ, ಬಾಂಗ್ಲಾ, ಕಲ್ಕತ್ತೆಯ ಬೀದಿ, ಯಾವುದು ಅಂತ ಅದು ಹೇಳುವುದಿಲ್ಲ. ವಿಯೆಟ್ನಾಂ ಜನರ ನೆನಪಿಗೆ ಅವರು ಮಾಡಿದ ದೊಡ್ಡ ಕಂಚಿನ ತಾಯಿ-ಮಗು ಶಿಲ್ಪವನ್ನು 1977ರಲ್ಲಿ ಕಲಾಭವನದಿಂದ ಕಳ್ಳರು ಹೊತ್ತೊಯ್ದರು. ಮಾಲೆಯನ್ನು ಒಬ್ಬರೇ ಮಾಡಿದರು, ಯಾರನ್ನೂ ಕರೆಯಲಿಲ್ಲ, ಹೆಚ್ಚು ಪ್ರತಿಗಳೂ ಇಲ್ಲ. ಆದರೂ ನಮ್ಮ ದೇಶದಲ್ಲಿ ಯುದ್ಧದ ಬಗ್ಗೆ ಆದ ಅಚ್ಚುಗಳಲ್ಲಿ ಅವಕ್ಕಿಂತ ಮಿಗಿಲು ನಾನು ಕಂಡಿಲ್ಲ. ಗುಂಪಿನಲ್ಲಿ ಮಾಡಿದ್ದೆಲ್ಲ ದೊಡ್ಡದು ಅಂತ ಹೇಳುವವರಿಗೆ ತಡೆಯಾಗಿ ಅವು ಇರಬೇಕು.

ಅವುಗಳ ಬಗ್ಗೆ ಯೋಚಿಸುವಾಗೆಲ್ಲ ನನಗೆ ಬರುವುದು ಸಿಂಧನೂರಿನ ಆರ್.ಎಚ್. ಕ್ಯಾಂಪುಗಳು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳನ್ನು ಸರ್ಕಾರ ನಮ್ಮ ತಾಲೂಕಿನಲ್ಲಿ ನೆಲೆ ನಿಲ್ಲಿಸಿತು. ನಮಗೆ ಅವರು ಮೀನು ಮಾರುವವರು, ದುರ್ಗಾಪೂಜೆ ಮಾಡುವವರು, ಕನ್ನಡವನ್ನು ಸ್ವಲ್ಪ ಬೇರೆ ರಾಗದಲ್ಲಿ ಆಡುವವರು. ಹೋರರ ನಾಡಿನ ಭಾಷೆ ಆಡುವ ಮುದುಕರು ಸಿಂಧನೂರು ಸಂತೆಯಲ್ಲಿ ನಮ್ಮ ಪಕ್ಕದಲ್ಲೇ ಕೂತು ತರಕಾರಿ ಆರಿಸುತ್ತಾರೆ. ಯುದ್ಧ, ಗಲಭೆ, ಗಡಿ ಅಂದರೆ ಏನು ಅಂತ ಸ್ಟೇಟಸ್ ಹಾಕದೆ ಗೊತ್ತಿರುವ ಜನ. ‘ಗಾಯಗಳು’ ಎಂದಾದರೂ ನಮ್ಮ ಜಿಲ್ಲೆಗೆ ಬಂದರೆ ರಾಯಚೂರಿನ ಸಭಾಂಗಣಕ್ಕಿಂತ ಮೊದಲು ಆ ಕ್ಯಾಂಪಿನ ಪೂಜಾ ಪೆಂಡಾಲಿನಲ್ಲಿ ತೂಗಬೇಕು.

ಬರೀ ಮಾತಾಡಿದರೆ ಸಾಲದು ಅಂತ ಹೋದ ದೀಪಾವಳಿ ರಜೆಯಲ್ಲಿ ಊರಿನ ನಮ್ಮ ಮನೆ ಪಡಸಾಲೆಯಲ್ಲಿ ಆರು ಹುಡುಗರನ್ನು ಕೂರಿಸಿದೆ. ಲಿನೋ ಸಿಂಧನೂರಿನಲ್ಲಿ ಸಿಗಲ್ಲ. ಸವೆದ ಹವಾಯಿ ಚಪ್ಪಲಿಯ ಅಟ್ಟೆ ಆಯಿತು. ಬ್ಲೇಡು ನಾನು ಹಿಡಿದೆ ಸಣ್ಣವರಿಗೆ, ದೊಡ್ಡವರು ಕಂಪಾಸಿನ ಮೊನೆಯಲ್ಲಿ ಕೆರೆದರು. ಮಸಿ ಸ್ಕ್ರೀನ್ ಪ್ರಿಂಟ್ ಅಂಗಡಿಯದು, ಕಾಗದ ಹಳೆಯ ಕ್ಯಾಲೆಂಡರಿನ ಬೆನ್ನು, ಉಜ್ಜಲು ಅವ್ವನ ಸಾರಿನ ಸೌಟು. ಯುದ್ಧದ ಬಗ್ಗೆ ಏನ್ ಬೇಕಾದ್ರೂ ಕೊರೀರಿ ಅಂದೆ. ಪಾರಿವಾಳದ ಹೆಸರು ಎತ್ತಲಿಲ್ಲ.

ಐದು ಟ್ಯಾಂಕರು ಬಂದವು. ಒಬ್ಬಾಕೆ ಮಾತ್ರ ಎಮ್ಮೆ ಕೊರೆದಳು, ಯಾಕ ಅಂದ್ರ ‘ನಂಗ ಅದಾ ಬರತ್ತ’ ಅಂದಳು. ಟ್ಯಾಂಕಿನ ಮೇಲೆ ‘ಭಾರತ’ ಅಂತ ಬರೆದ ಹುಡುಗನಿಗೆ ಅಚ್ಚಿನಲ್ಲಿ ಅದು ಉಲ್ಟಾ ಬಂದದ್ದು ನೋಡಿ ಸಿಟ್ಟು ಬಂತು. ಇನ್ನೊಂದು ಚಪ್ಪಲಿ ಹುಡುಕಿ ತಂದು, ಕನ್ನಡಿ ಹಿಡಿದು, ಒಂದೊಂದೇ ಅಕ್ಷರ ತಿರುಗಿಸಿ ಕೊರೆಯಲು ಕೂತ. ಮೂರು ಅಕ್ಷರಕ್ಕೆ ಎರಡು ತಾಸು. ಫಾರ್ವರ್ಡ್ ಬಟನ್ನಿಗೆ ಎಷ್ಟು ಹೊತ್ತು ಬೇಕು ಲೆಕ್ಕ ಹಾಕಿ. ಆ ಎರಡು ತಾಸಿನ ನಡುವೆ ಅವನು ಕೇಳಿದ ಪ್ರಶ್ನೆಗಳು: ಟ್ಯಾಂಕಿನೊಳಗ ಎಷ್ಟು ಮಂದಿ ಕೂಡ್ತಾರ, ಒಳಗ ಸೆಕೆ ಆಗಲ್ಲೇನು, ಅದಕ್ಕ ಬೆಂಕಿ ಹತ್ತಿದ್ರ ಬಾಗಿಲು ಯಾ ಕಡಿ ಅದ.

ಸೈನ್ಯದಲ್ಲಿ ಮಗನಿರುವ ಒಬ್ಬ ತಾಯಿ ಸಂಜಿ ಹೊತ್ತಿಗೆ ಮಜ್ಜಿಗೆಗೆ ಬಂದಿದ್ದರು. ಒಣಗಲು ತೂಗಿಬಿಟ್ಟ ಹಾಳೆಗಳನ್ನು ನೋಡುತ್ತ ನಿಂತರು. ಟ್ಯಾಂಕಿನದೊಂದು, ಎಮ್ಮೆಯದೊಂದು ಕೇಳಿ ತಗೊಂಡರು. ಎರಡನ್ನೂ ಮನೆಯಲ್ಲಿ ಒಂದೇ ಮೊಳೆಗೆ ಹಾಕಿದ್ದಾರಂತೆ, ಎಮ್ಮೆ ಮೇಲೆ, ಟ್ಯಾಂಕು ಅಡಿಗೆ. ಹುಡುಗರು ಆಮೇಲೂ ತೆಗೆಯುತ್ತಲೇ ಇದ್ದರು. ಮಸಿ ಡಬ್ಬಿ ಖಾಲಿಯಾದ ಮೇಲೆ ದೀಪದ ಕಾಡಿಗೆಗೆ ಎಣ್ಣೆ ಕಲಸಿ ಇನ್ನೂ ಹನ್ನೊಂದು ಒತ್ತಿದರು, ಯಾವುದಕ್ಕೂ ನಂಬರ್ ಹಾಕಲಿಲ್ಲ.